ರೂಟರ್ ಒಳಗಿನ ಸಾಧನಗಳನ್ನು ನಿಜವಾಗಿಯೂ ಮರೆಮಾಡುತ್ತಿದೆಯೇ? ಲಕ್ಷಣ ಹಿಡಿದು ಪರೀಕ್ಷಿಸುವ ಕೈಪಿಡಿ

ಇಳಕಲ್ಲಿನ ಸೀರೆ ಅಂಗಡಿಯೊಂದರ ಮಾಲೀಕರು ಮಳೆಗಾಲದ ಒಂದು ಬೆಳಿಗ್ಗೆ ಬಾಗಲಕೋಟೆಯ ನವನಗರದಲ್ಲಿರುವ ನನಗೆ ಫೋನ್ ಮಾಡಿ, "ಸರ, ನಮ್ಮ ಅಂಗಡಿ ಕ್ಯಾಮೆರಾ ರಾತ್ರಿ ಹನ್ನೊಂದಕ್ಕ ತಾನ ಗ್ವಾಡಿ ಕಡೆ ತಿರಗೇತ್ರಿ. ಯಾರರ ಹೊರಗಿಂದ ನೋಡಾಕತ್ತಾರೇನ್ರಿ?" ಎಂದು ಕೇಳಿದರು. ರೂಟರ್ ಹೊಸದು, ವೈಫೈ ಪಾಸ್‌ವರ್ಡ್ ಗಟ್ಟಿಯಾದದ್ದು, ನೆಟ್ ಕೊಟ್ಟವರು "ಎಲ್ಲಾ ಸೇಫ್ ಐತ್ರಿ" ಎಂದು ಹೇಳಿಯೂ ಹೋಗಿದ್ದರು. ಆದರೆ ವೈಫೈ ಪಾಸ್‌ವರ್ಡ್ ತಡೆಯುವುದು ಅಂಗಡಿಯ ಆಸುಪಾಸಿನಲ್ಲಿ ನಿಂತವರನ್ನು ಮಾತ್ರ. ಇಂಟರ್ನೆಟ್ಟಿನ ಕಡೆಯಿಂದ ಬರುವವರಿಗೆ ಅದು ಲೆಕ್ಕಕ್ಕೇ ಇಲ್ಲ. ಆ ಕಡೆಯ ಬಾಗಿಲು ಮುಚ್ಚಿದೆಯೋ ಇಲ್ಲವೋ ಎಂಬುದನ್ನು ಬೇರೆಯಾಗಿಯೇ ನೋಡಬೇಕಾಗುತ್ತದೆ, ಅದೂ ಹೊರಗೆ ನಿಂತು ನೋಡಬೇಕಾಗುತ್ತದೆ.

ರೂಟರ್ ಒಳಗಿನ ಸಾಧನಗಳನ್ನು ಮರೆಮಾಡುವ ಬಗೆಯನ್ನು ನಮ್ಮ ಹಳೆಯ ಊರುಗಳ ಅಗಸಿಯ (ಊರಬಾಗಿಲಿನ) ಲೆಕ್ಕದಲ್ಲಿ ಅರ್ಥಮಾಡಿಕೊಳ್ಳಬಹುದು. ಅಗಸಿಯಲ್ಲಿ ಕುಳಿತ ವಾಲೀಕಾರ, ಬೆಳಿಗ್ಗೆ ಯಾರು ಯಾವ ಊರಿಗೆ ಹೋದರೆಂಬುದನ್ನು ನೆನಪಿಟ್ಟುಕೊಂಡು, ಆ ಊರಿನಿಂದ ಅವರಿಗೇ ಉತ್ತರ ತಂದವರನ್ನಷ್ಟೇ ಒಳಗೆ ಬಿಡುತ್ತಾನೆ. ಮಿಕ್ಕವರಿಗೆ ಒಳಗೆ ಯಾವ ಮನೆ ಎಲ್ಲಿದೆ ಎಂಬುದೇ ತಿಳಿಯುವುದಿಲ್ಲ. ನ್ಯಾಟ್ ಎಂದು ಕರೆಯುವ ವಿಳಾಸ ಬದಲಾವಣೆಯ ಕೆಲಸ ಇದೇ. ಒಂದೇ ಹೊರವಿಳಾಸವನ್ನು ಹಲವು ಸಾಧನಗಳು ಹಂಚಿಕೊಳ್ಳಲಿ ಎಂದು ಇದನ್ನು ಮಾಡಿದರು. ಒಳಗಿನವರು ಕಾಣದೆ ಹೋಗುವುದು ಅದರ ಜೊತೆಗೆ ಬಂದ ಲಾಭ. ವಾಲೀಕಾರನಿಗೆ ಯಾರೋ ಮೊದಲೇ "ಇಂಥವರು ಬಂದರೆ ನೇರ ಕಳಿಸು" ಎಂದು ಹೇಳಿಟ್ಟಿದ್ದರೆ, ಅಥವಾ ಊರಿಗೆ ಇನ್ನೊಂದು ಕಡೆ ಕಾವಲಿಲ್ಲದ ದಾರಿಯಿದ್ದರೆ, ಅಗಸಿ ಇದ್ದೂ ಉಪಯೋಗವಿಲ್ಲ. ಮುಂದಿನ ಪರೀಕ್ಷೆಗಳೆಲ್ಲ ಈ ಎರಡು ಸಾಧ್ಯತೆಗಳ ಬೆನ್ನು ಹತ್ತಿ ಹೋಗುತ್ತವೆ.

ಕೈ ಹಾಕುವ ಮುನ್ನ

ರೂಟರಿನ ಹಿಂಭಾಗದಲ್ಲಿರುವ ರೀಸೆಟ್ ರಂಧ್ರಕ್ಕೆ ಪಿನ್ ಚುಚ್ಚಬೇಡಿ. ಫೈಬರ್ ಸಂಪರ್ಕದ ಪೆಟ್ಟಿಗೆಯಲ್ಲಿ ನೆಟ್‌ನವರು ಸಂಪರ್ಕಕ್ಕೆಂದು ತುಂಬಿಟ್ಟ ಪಿಪಿಪಿಒಇ ಬಳಕೆದಾರ ಹೆಸರು, ವಿಲ್ಯಾನ್ ಸಂಖ್ಯೆ ಎಲ್ಲವೂ ಒಂದೇ ಒತ್ತಿಗೆ ಅಳಿಸಿಹೋಗಿ, ಅವರ ಹುಡುಗ ಬರುವವರೆಗೆ ನೆಟ್ ಇಲ್ಲದೆ ಕೂರಬೇಕಾಗುತ್ತದೆ. ಯಾವ ಸೆಟ್ಟಿಂಗ್ ಬದಲಿಸುವುದಿದ್ದರೂ ಮೊದಲು ಆ ಪುಟದ ಫೋಟೋ ತೆಗೆದಿಟ್ಟುಕೊಳ್ಳಿ.

ಹಳದಿ ಬಣ್ಣದ ತೆಳ್ಳನೆಯ ಫೈಬರ್ ತಂತಿಯನ್ನು ಬಿಚ್ಚಬೇಕಾಗಿ ಬಂದರೆ ಅದರ ತುದಿಯನ್ನು ಕಣ್ಣಿಗೆ ಹಿಡಿದು ನೋಡಬಾರದು. ಸಾಮಾನ್ಯ ಮನೆ ಫೈಬರಿನಲ್ಲಿ ನಮ್ಮ ಕಡೆಗೆ ಬರುವ ಬೆಳಕು 1490 ನ್ಯಾನೋಮೀಟರಿನದ್ದು. ಅದು ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಕತ್ತಲಾಗಿದೆ ಎಂದು ಧೈರ್ಯ ಮಾಡುವಂತಿಲ್ಲ. ಬೆಳಗಾವಿ ಕಡೆಯ ಗುಡುಗು ಮಳೆಯಲ್ಲಿ, ಛಾವಣಿಯ ಮೇಲಿನ ಕ್ಯಾಮೆರಾದಿಂದ ಇಳಿದು ಬಂದ ತಾಮ್ರದ ಕೇಬಲ್ಲುಗಳನ್ನು ಮುಟ್ಟುವ ಕೆಲಸವನ್ನು ಮಳೆ ನಿಲ್ಲುವವರೆಗೆ ಮುಂದೂಡುವುದು ಒಳ್ಳೆಯದು.

ಇನ್ನೊಂದು ಎಚ್ಚರಿಕೆ ಕಾನೂನಿನದು. ಇಲ್ಲಿ ಹೇಳಿದ ಪರೀಕ್ಷೆಗಳನ್ನು ನಿಮ್ಮ ಸ್ವಂತ ವಿಳಾಸದ ಮೇಲೆ, ಅಥವಾ ಮಾಲೀಕರು ಒಪ್ಪಿಗೆ ಕೊಟ್ಟ ಸಂಪರ್ಕದ ಮೇಲೆ ಮಾತ್ರ ಮಾಡಬೇಕು. ಅನುಮತಿಯಿಲ್ಲದೆ ಬೇರೆಯವರ ಕಂಪ್ಯೂಟರ್ ಜಾಲದೊಳಗೆ ಹೋಗುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 43ನೆಯ ಕಲಮಿಗೆ ಒಳಪಡುತ್ತದೆ. ದುರುದ್ದೇಶವಿದ್ದರೆ 66ನೆಯ ಕಲಮಿನ ಪ್ರಕಾರ ಅಪರಾಧವೂ ಆಗುತ್ತದೆ. ವಿಳಾಸದಲ್ಲಿ ಒಂದು ಅಂಕಿ ತಪ್ಪಿದರೆ ಪಕ್ಕದ ಓಣಿಯವರ ಮನೆಯನ್ನು ತಡಕಿದಂತಾಗುತ್ತದೆ, ಆದ್ದರಿಂದ ಎರಡು ಸಲ ನೋಡಿಕೊಂಡೇ ಒತ್ತಿ.

ಲಕ್ಷಣ: ತೊಂದರೆ ಏನೂ ಕಾಣುತ್ತಿಲ್ಲ, ಆದರೆ ಅನುಮಾನವಿದೆ

ಇದು ಖರ್ಚಿಲ್ಲದ, ಐದು ನಿಮಿಷದ ಪರೀಕ್ಷೆ. ಮೂರು ವಿಳಾಸಗಳನ್ನು ಒಂದು ಚೀಟಿಯ ಮೇಲೆ ಬರೆದುಕೊಳ್ಳಿ. ಮೊದಲನೆಯದು ನಿಮ್ಮ ಫೋನ್ ಅಥವಾ ಲ್ಯಾಪ್‌ಟಾಪಿಗೆ ವೈಫೈಯಲ್ಲಿ ಸಿಕ್ಕ ಐಪಿ ವಿಳಾಸ. ಅದು ವೈಫೈ ಸೆಟ್ಟಿಂಗಿನ ವಿವರಗಳಲ್ಲಿ ಸಿಗುತ್ತದೆ. ಎರಡನೆಯದು ರೂಟರಿನ ಒಳಪುಟದಲ್ಲಿ ವ್ಯಾನ್ ಅಥವಾ ಇಂಟರ್ನೆಟ್ ಸ್ಟೇಟಸ್ ಎಂಬಲ್ಲಿ ಕಾಣುವ ವಿಳಾಸ. ಒಳಪುಟಕ್ಕೆ ಹೋಗುವ ದಾರಿ ಸಾಮಾನ್ಯವಾಗಿ ರೂಟರಿನ ತಳದ ಚೀಟಿಯಲ್ಲಿ 192.168.1.1 ಎಂದೋ 192.168.0.1 ಎಂದೋ ಅಚ್ಚಾಗಿರುತ್ತದೆ. ಮೂರನೆಯದು "ನನ್ನ ಐಪಿ ಯಾವುದು" ಎಂದು ಹುಡುಕಿದಾಗ ಸಿಗುವ ತಾಣಗಳು ತೋರಿಸುವ ವಿಳಾಸ, ಎಂದರೆ ಹೊರಜಗತ್ತಿಗೆ ನೀವು ಕಾಣುವ ವಿಳಾಸ.

ಮೊದಲನೆಯದು 192.168 ಇಲ್ಲವೇ 10 ಎಂದು ಶುರುವಾದರೆ, ಅಥವಾ 172.16ರಿಂದ 172.31ರ ನಡುವೆ ಇದ್ದರೆ, ಅದು ಒಳಬಳಕೆಗೆಂದೇ ತೆಗೆದಿಟ್ಟ ವಿಳಾಸ. ಇಂಟರ್ನೆಟ್ಟಿನಲ್ಲಿ ಅದಕ್ಕೆ ದಾರಿಯೇ ಇರುವುದಿಲ್ಲವಾದ್ದರಿಂದ ನ್ಯಾಟ್ ನಡೆಯುತ್ತಿದೆ ಎಂದರ್ಥ. ಹಾಗಲ್ಲದೆ ಮೊದಲನೆಯದೂ ಮೂರನೆಯದೂ ಒಂದೇ ಆಗಿದ್ದರೆ ನಿಮ್ಮ ಕಂಪ್ಯೂಟರ್ ಬಯಲಿನಲ್ಲಿ ನಿಂತಿದೆ. ನಮ್ಮ ಸಣ್ಣ ಪಟ್ಟಣಗಳಲ್ಲಿ ಇದು ಅಪರೂಪವೇನಲ್ಲ. ಕೇಬಲ್‌ನವರು ಎಳೆದುಕೊಟ್ಟ ತಂತಿಯನ್ನು ರೂಟರ್ ಇಲ್ಲದೆ ನೇರವಾಗಿ ಕಂಪ್ಯೂಟರಿಗೆ ಚುಚ್ಚಿ, ಅಲ್ಲಿಂದಲೇ ಬಳಕೆದಾರ ಹೆಸರು ಹಾಕಿ ಡಯಲ್ ಮಾಡುವ ರೂಢಿ ಇನ್ನೂ ಕೆಲವು ಕಡೆ ಇದೆ. ಫೈಬರ್ ಪೆಟ್ಟಿಗೆಯನ್ನು ಬ್ರಿಜ್ ಮೋಡಿಗೆ (ತಾನು ರೂಟರಿನ ಕೆಲಸ ಮಾಡದೆ ಸಂಪರ್ಕವನ್ನು ಹಾಗೆಯೇ ದಾಟಿಸುವ ಸ್ಥಿತಿಗೆ) ಹಾಕಿ, ಆಮೇಲೆ ಬೇರೆ ರೂಟರ್ ತರುವುದನ್ನು ಮರೆತವರ ಪಾಡೂ ಇದೇ. ಹೀಗಿದ್ದಲ್ಲಿ ಮುಂದಿನದನ್ನು ಓದುವ ಮೊದಲೇ ತಂತಿ ಬಿಚ್ಚಿ, ನಡುವೆ ಒಂದು ರೂಟರ್ ಇಡಿ.

ಎರಡನೆಯ ಮತ್ತು ಮೂರನೆಯ ವಿಳಾಸಗಳು ಒಂದೇ ಆಗಿದ್ದರೆ ನಿಮ್ಮ ರೂಟರಿಗೆ ಸ್ವಂತ ಸಾರ್ವಜನಿಕ ವಿಳಾಸವಿದೆ. ಕಾವಲಿನ ಪೂರ್ತಿ ಹೊಣೆ ಅದರ ಮೇಲಿದೆ. ಎರಡನೆಯದು 100.64ರಿಂದ 100.127ರವರೆಗಿನದಾಗಿದ್ದರೆ, ನೆಟ್‌ನವರು ತಮ್ಮ ಕಡೆಯಲ್ಲೇ ಇನ್ನೊಂದು ದೊಡ್ಡ ನ್ಯಾಟ್ ಇಟ್ಟು, ಹಲವಾರು ಗಿರಾಕಿಗಳಿಗೆ ಒಂದೇ ವಿಳಾಸ ಹಂಚುತ್ತಿದ್ದಾರೆ. ಈ ಬಳಕೆಗೆಂದೇ 2012ರಲ್ಲಿ ಆ ವಿಳಾಸಗಳನ್ನು ಕಾಯ್ದಿರಿಸಲಾಯಿತು. ಇದನ್ನು ಸಿಜಿ ನ್ಯಾಟ್ ಎನ್ನುತ್ತಾರೆ. ಇಲ್ಲಿ ಹಳೆಯ ಬಗೆಯ ವಿಳಾಸದ ಮೂಲಕ ಹೊರಗಿನವರು ನಿಮ್ಮ ರೂಟರಿನವರೆಗೂ ಬರಲಾರರು. ಇದನ್ನು ಓದಿ ನಿಶ್ಚಿಂತರಾಗುವವರು ಹೊಸ ಬಗೆಯ ವಿಳಾಸವಾದ ಐಪಿವಿ6 ಕುರಿತ ಭಾಗವನ್ನು ಬಿಡದೆ ಓದಬೇಕು. ಎರಡನೆಯದೇ 192.168 ಎಂದಿದ್ದರೆ ಒಂದರ ಹಿಂದೆ ಒಂದು ಎರಡು ರೂಟರುಗಳಿವೆ, ಹೊರಗಿನದನ್ನೂ ಪರೀಕ್ಷಿಸಬೇಕು.

ಲಕ್ಷಣ: ಹೊರವಿಳಾಸ ಒತ್ತಿದರೆ ರೂಟರಿನ ಅಥವಾ ಕ್ಯಾಮೆರಾದ ಲಾಗಿನ್ ಪುಟ ತೆರೆಯುತ್ತದೆ

ಜನ ಹೆಚ್ಚಾಗಿ ಹೆದರುವುದು ಇಲ್ಲಿಯೇ, ತಪ್ಪುವುದೂ ಇಲ್ಲಿಯೇ. ಇಳಕಲ್ಲಿನ ಅಂಗಡಿಯಲ್ಲಿ ಕುಳಿತು ಮಾಲೀಕರ ಮಗ ಫೋನಿನ ಬ್ರೌಸರಿನಲ್ಲಿ ತಮ್ಮ ಹೊರವಿಳಾಸ ಒತ್ತಿದ, ರೂಟರಿನ ಲಾಗಿನ್ ಪುಟ ಬಂತು. "ಅಪ್ಪಾರ, ನೋಡ್ರಿ, ಜಗತ್ತಿಗೆಲ್ಲ ಕಾಣಾಕತ್ತೈತಿ" ಎಂದು ಗಾಬರಿಯಾದ. ಆದರೆ ಆ ಫೋನ್ ಅಂಗಡಿಯ ವೈಫೈಯಲ್ಲೇ ಇತ್ತು. ಒಳಗಿನವರು ತಮ್ಮದೇ ಹೊರವಿಳಾಸವನ್ನು ಕೇಳಿದಾಗ ಎಷ್ಟೋ ರೂಟರುಗಳು ಆ ಕೋರಿಕೆಯನ್ನು ಹೊರಗೆ ಕಳಿಸದೆ ಒಳಗಿಂದ ಒಳಗೇ ತಿರುಗಿಸಿ ತಮ್ಮ ಪುಟ ತೋರಿಸುತ್ತವೆ. ಇದರಿಂದ ಹೊರಗಿನವರಿಗೆ ಏನು ಕಾಣುತ್ತದೆ ಎಂಬುದು ಎಳ್ಳಷ್ಟೂ ತಿಳಿಯುವುದಿಲ್ಲ.

ಆದ್ದರಿಂದ ಫೋನಿನ ವೈಫೈ ಆರಿಸಿ, ಮೊಬೈಲ್ ಡೇಟಾದಲ್ಲಿ ಮಾತ್ರ ಪರೀಕ್ಷಿಸಿ. ವೈಫೈ ಆರಿಸಿದ ಮೇಲೆ "ನನ್ನ ಐಪಿ ಯಾವುದು" ತಾಣವನ್ನು ಮತ್ತೊಮ್ಮೆ ತೆರೆದು, ಚೀಟಿಯಲ್ಲಿ ಬರೆದಿಟ್ಟ ಮೂರನೆಯ ವಿಳಾಸಕ್ಕಿಂತ ಬೇರೆಯದು ಬಂದಿದೆ ಎಂದು ಖಾತ್ರಿ ಮಾಡಿಕೊಂಡರೆ ನೀವು ನಿಜವಾಗಿಯೂ ಅಗಸಿಯ ಹೊರಗೆ ನಿಂತಿದ್ದೀರಿ ಎಂದಾಯಿತು. ಅನಂತರ ಹೊರವಿಳಾಸವನ್ನು ಬ್ರೌಸರಿನಲ್ಲಿ ಬರಿದಾಗಿ ಒಮ್ಮೆ ಒತ್ತಿ, ಬಳಿಕ ಅದರ ಕೊನೆಗೆ ಎರಡು ಚುಕ್ಕೆಯ ಗುರುತಿಟ್ಟು (:) 81, 8080, 8443 ಎಂಬ ಪೋರ್ಟ್ ಸಂಖ್ಯೆಗಳನ್ನು ಒಂದೊಂದಾಗಿ ಸೇರಿಸಿ ಒತ್ತಿ. ಪೋರ್ಟ್ ಎಂದರೆ ಒಂದೇ ವಿಳಾಸದಲ್ಲಿ ಬೇರೆ ಬೇರೆ ಸೇವೆಗಳಿಗೆ ಇರುವ ಬಾಗಿಲಿನ ಸಂಖ್ಯೆ.

ಆ ಅಂಗಡಿಯಲ್ಲಿ ಹೀಗೆ ನೋಡಿದಾಗ ರೂಟರಿನ ಪುಟ ತೆರೆಯಲಿಲ್ಲ. ಹುಡುಗ ಉಸಿರು ಬಿಟ್ಟ. ಆದರೆ 81 ಎಂದು ಸೇರಿಸಿದ ಕೂಡಲೇ ಕ್ಯಾಮೆರಾದ ದೃಶ್ಯಗಳನ್ನು ದಾಖಲಿಸುವ ಡಿವಿಆರ್ ಪೆಟ್ಟಿಗೆಯ ಲಾಗಿನ್ ಪುಟ ಬಂದು ನಿಂತಿತು. ಅದರ ಪಾಸ್‌ವರ್ಡ್ ಪೆಟ್ಟಿಗೆಯೊಂದಿಗೆ ಕಾರ್ಖಾನೆಯಿಂದ ಬಂದದ್ದೇ ಆಗಿತ್ತು. ಮೊದಲ ಗಾಬರಿ ಸುಳ್ಳಾಗಿತ್ತು, ಆಮೇಲಿನ ನೆಮ್ಮದಿಯೂ ಸುಳ್ಳಾಗಿತ್ತು.

ಬ್ರೌಸರಿಗೆ ಕಾಣದ ಪೋರ್ಟುಗಳನ್ನು ನೋಡಲು ಗಿಬ್ಸನ್ ರಿಸರ್ಚ್ ಅವರ ಶೀಲ್ಡ್ಸ್‌ಅಪ್ ಎಂಬ ಉಚಿತ ತಾಣ ಬಹಳ ಕಾಲದಿಂದ ಇದೆ. ಇದನ್ನು ಮಾತ್ರ ಮನೆಯ ಸಂಪರ್ಕದಿಂದಲೇ ತೆರೆಯಬೇಕು, ಏಕೆಂದರೆ ಅದು ಹೊರಗಿನಿಂದ ನಿಮ್ಮ ಬಾಗಿಲನ್ನು ತಟ್ಟಿ ಫಲಿತಾಂಶ ಹೇಳುತ್ತದೆ. ತೆರೆದಿದೆ ಎಂದು ಬಂದರೆ ಆ ಪೋರ್ಟಿನ ಹಿಂದೆ ಯಾವುದೋ ಸಾಧನ ಉತ್ತರ ಕೊಡುತ್ತಿದೆ. ಮುಚ್ಚಿದೆ ಎಂದು ಬಂದರೆ "ಇಲ್ಲಿ ಯಾರೂ ಇಲ್ಲ" ಎಂದು ಒಳಗಿನಿಂದ ಉತ್ತರ ಬಂದಿದೆ. ಒಳಗೆ ಹೋಗಲು ಆಗದಿದ್ದರೂ ಮನೆಯಿದೆ ಎಂಬ ಸುಳಿವು ಹೊರಗಿನವರಿಗೆ ಸಿಕ್ಕಿದೆ. ಸ್ಟೆಲ್ತ್ ಎಂದು ಬಂದರೆ ಉತ್ತರವೇ ಇಲ್ಲ. ಮುಚ್ಚಿದ್ದಕ್ಕೂ ಸ್ಟೆಲ್ತಿಗೂ ಇರುವ ವ್ಯತ್ಯಾಸಕ್ಕೆ ಕೆಲವರು ತಲೆ ಕೆಡಿಸಿಕೊಳ್ಳುತ್ತಾರೆ. ನನ್ನ ಮಟ್ಟಿಗೆ ಎರಡೂ ಸರಿಯೇ, ತೆರೆದ ಒಂದು ಪೋರ್ಟ್ ಮಾತ್ರ ನಿದ್ದೆಗೆಡಿಸುವಂಥದ್ದು. ಆ ತಾಣದ ಸಾಮಾನ್ಯ ಪರೀಕ್ಷೆ ಮೊದಲ 1056 ಪೋರ್ಟುಗಳನ್ನಷ್ಟೇ ನೋಡುತ್ತದೆ. ಡಿವಿಆರ್‌ಗಳು ಹೆಚ್ಚಾಗಿ ಬಳಸುವ 8000, 37777 ಮುಂತಾದವು ಅದರಾಚೆಗಿವೆ. ಅವನ್ನು ಅಲ್ಲಿಯೇ ಇರುವ ಪ್ರತ್ಯೇಕ ಪೋರ್ಟ್ ಪರೀಕ್ಷೆಯಲ್ಲಿ ಕೈಯಾರೆ ತುಂಬಿ ನೋಡಬೇಕು. ಸಿಜಿ ನ್ಯಾಟ್‌ನಲ್ಲಿರುವವರು ಈ ಪರೀಕ್ಷೆ ಮಾಡಿದರೆ ಅದು ತಟ್ಟುವುದು ನೆಟ್‌ನವರ ಯಂತ್ರದ ಬಾಗಿಲನ್ನು, ಆದ್ದರಿಂದ ಆ ಫಲಿತಾಂಶವನ್ನು ತಮ್ಮ ರೂಟರಿನದೆಂದು ತಿಳಿಯಬಾರದು.

ಯಾವ ಪೋರ್ಟ್ ತೆರೆದಿದ್ದರೆ ಎಷ್ಟು ಗಂಭೀರ ಎಂಬುದು ಅದರ ಹಿಂದಿರುವ ಸೇವೆಯನ್ನು ಅವಲಂಬಿಸಿದೆ. 23 ಟೆಲ್‌ನೆಟ್‌ನದು, ಎಂದರೆ ಸಾಧನಕ್ಕೆ ದೂರದಿಂದ ಆದೇಶ ಕೊಡುವ ಹಳೆಯ ವಿಧಾನದ್ದು. ಅದು ತೆರೆದಿದ್ದರೆ ಅಂದೇ ಮುಚ್ಚಬೇಕು, ಏಕೆಂದರೆ 2016ರಲ್ಲಿ ಹರಡಿದ ಮಿರೈ ಎಂಬ ದುಷ್ಟ ತಂತ್ರಾಂಶ ಇದೇ ಬಾಗಿಲಲ್ಲಿ ಕಾರ್ಖಾನೆಯ 60ಕ್ಕೂ ಹೆಚ್ಚು ಹೆಸರು-ಪಾಸ್‌ವರ್ಡ್ ಜೋಡಿಗಳನ್ನು ಪ್ರಯತ್ನಿಸಿ ಲಕ್ಷಾಂತರ ಕ್ಯಾಮೆರಾ, ಡಿವಿಆರ್, ರೂಟರುಗಳನ್ನು ವಶಮಾಡಿಕೊಂಡಿತ್ತು. 3389 ವಿಂಡೋಸ್ ಕಂಪ್ಯೂಟರನ್ನು ದೂರದಿಂದ ನಡೆಸುವ ಬಾಗಿಲು, 445 ಕಡತ ಹಂಚಿಕೆಯದು. ಇವೆರಡೂ ಇಂಟರ್ನೆಟ್ಟಿಗೆ ಕಾಣಲು ಯಾವ ಅಂಗಡಿಯಲ್ಲಿಯೂ ಕಾರಣವಿಲ್ಲ. 554 ಕ್ಯಾಮೆರಾದ ವಿಡಿಯೋ ಹರಿಯುವ ದಾರಿ. 7547 ನೆಟ್‌ನವರು ದೂರದಿಂದ ರೂಟರಿನ ಸೆಟ್ಟಿಂಗ್ ಬದಲಿಸಲು ಬಳಸುವಂಥದ್ದು. ಅದು ಅವರ ಸರ್ವರಿಗೆ ಮಾತ್ರ ತೆರೆದಿರಬೇಕೇ ಹೊರತು ಲೋಕಕ್ಕೆಲ್ಲ ಅಲ್ಲ. 2016ರ ನವೆಂಬರಿನಲ್ಲಿ ಜರ್ಮನಿಯಲ್ಲಿ ಸುಮಾರು 9 ಲಕ್ಷ ಗಿರಾಕಿಗಳ ರೂಟರುಗಳು ಕೆಟ್ಟು ನಿಂತದ್ದು ಈ ಬಾಗಿಲಿನ ಮೇಲೆ ನಡೆದ ದಾಳಿಯಿಂದ. ನಿಮ್ಮಲ್ಲಿ ಇದು ತೆರೆದಿರುವುದು ಕಂಡರೆ ಸ್ವತಃ ಆರಿಸುವ ಬದಲು ನೆಟ್‌ನವರಿಗೆ ತಿಳಿಸಿ, ಅವರ ಕಡೆಯಿಂದಲೇ ಮಿತಿಗೊಳಿಸುವಂತೆ ಕೇಳಿ.

ಪೋರ್ಟ್ ಯಾವುದೂ ತೆರೆದಿಲ್ಲ, ಆದರೂ ಕ್ಯಾಮೆರಾ ಊರ ಹೊರಗಿನಿಂದ ಆ್ಯಪ್‌ನಲ್ಲಿ ಚೆನ್ನಾಗಿ ಕಾಣುತ್ತದೆ, ಇದು ಹೇಗೆ ಎಂದು ಕೇಳುವವರುಂಟು. ಕ್ಯೂಆರ್ ಸಂಕೇತ ಸ್ಕ್ಯಾನ್ ಮಾಡಿ ಜೋಡಿಸುವ ಕ್ಯಾಮೆರಾ ತಾನಾಗಿ ಹೊರಗೆ ಹೋಗಿ ತಯಾರಕರ ಸರ್ವರನ್ನು ಹಿಡಿದುಕೊಂಡಿರುತ್ತದೆ, ನಿಮ್ಮ ಆ್ಯಪ್ ಆ ಸರ್ವರಿನ ಮೂಲಕ ಅದನ್ನು ತಲುಪುತ್ತದೆ. ಇಲ್ಲಿ ರೂಟರಿನ ದೋಷವೇನೂ ಇಲ್ಲ. ಆದರೆ ಆ್ಯಪ್‌ನ ಪಾಸ್‌ವರ್ಡ್ ಗೊತ್ತಿದ್ದವರಿಗೆ ಅಗಸಿಯೇ ಅಡ್ಡ ಬರುವುದಿಲ್ಲ, ಕ್ಯಾಮೆರಾ ಕೂಡಿಸಿದ ಹುಡುಗನ ಫೋನಿನಲ್ಲಿ ಆ ಖಾತೆ ಇನ್ನೂ ಉಳಿದಿದೆಯೇ ಎಂದು ವಿಚಾರಿಸಿ.

ಲಕ್ಷಣ: ನಾವು ತೆರೆದೇ ಇಲ್ಲದ ಪೋರ್ಟ್ ತೆರೆದಿದೆ

ರೂಟರಿನ ಒಳಪುಟದಲ್ಲಿ ನಾಲ್ಕು ಜಾಗಗಳನ್ನು ನೋಡಬೇಕು. ಪೋರ್ಟ್ ಫಾರ್ವರ್ಡಿಂಗ್ ಇಲ್ಲವೇ ವರ್ಚುವಲ್ ಸರ್ವರ್ ಎಂಬುದು ಮೊದಲನೆಯದು. ವಾಲೀಕಾರನಿಗೆ ಮೊದಲೇ ಹೇಳಿಟ್ಟ ಮಾತುಗಳ ಪಟ್ಟಿ ಇದೇ. ಇಳಕಲ್ಲಿನಲ್ಲಿ 81ನೆಯ ಪೋರ್ಟನ್ನು ಡಿವಿಆರ್‌ಗೆ ಕಳಿಸುವ ಸಾಲೊಂದು ಇಲ್ಲಿ ಸಿಕ್ಕಿತು. ರೂಟರ್ ಹಾಕಿದ ದಿನ, ಮಾಲೀಕರು ಮನೆಯಿಂದ ಅಂಗಡಿ ನೋಡಲಿ ಎಂದು ಕ್ಯಾಮೆರಾ ಕೂಡಿಸಿದವರು ಒಳ್ಳೆಯ ಮನಸ್ಸಿನಿಂದಲೇ ಬರೆದು ಹೋಗಿದ್ದರು, ಹೇಳುವುದನ್ನು ಮಾತ್ರ ಮರೆತಿದ್ದರು. ಆ ಸಾಲನ್ನು ಅಳಿಸಿ ಮೊಬೈಲ್ ಡೇಟಾದಿಂದ ಮತ್ತೆ ನೋಡಿದಾಗ ಪುಟ ತೆರೆಯಲಿಲ್ಲ. ಡಿವಿಆರ್‌ನ ಪಾಸ್‌ವರ್ಡನ್ನೂ ಆಗಲೇ ಬದಲಿಸಿದೆವು.

ಹಳೆಯ ಸಾಲುಗಳಲ್ಲಿ ಇನ್ನೊಂದು ಅಪಾಯವಿದೆ. ಸಾಲು ಬರೆಯುವುದು ಸಾಧನದ ಹೆಸರಿಗಲ್ಲ, 192.168.1.10ರಂಥ ಒಳವಿಳಾಸಕ್ಕೆ. ಕ್ಯಾಮೆರಾ ಪೆಟ್ಟಿಗೆ ಕೆಟ್ಟು ಮೂಲೆ ಸೇರಿದ ಮೇಲೆ ರೂಟರ್ ಅದೇ ವಿಳಾಸವನ್ನು ಮಗಳ ಲ್ಯಾಪ್‌ಟಾಪಿಗೆ ಕೊಟ್ಟರೆ, ಹೊರಗಿನವರು ಈಗ ಬಂದು ತಟ್ಟುವುದು ಆ ಲ್ಯಾಪ್‌ಟಾಪನ್ನು. ಆದ್ದರಿಂದ ಪಟ್ಟಿಯ ಪ್ರತಿ ಸಾಲಿನ ಒಳವಿಳಾಸ ಈಗ ಯಾರದ್ದು ಎಂಬುದನ್ನು ಜೋಡಣೆಯಾದ ಸಾಧನಗಳ ಪಟ್ಟಿಯೊಂದಿಗೆ ತಾಳೆ ನೋಡಬೇಕು.

ಎರಡನೆಯ ಜಾಗ ಡಿಎಂಝಡ್. ಮನೆ ರೂಟರುಗಳಲ್ಲಿ ಈ ಹೆಸರಿಗೆ ಇರುವ ಅರ್ಥ ಒಂದೇ: ಗೊತ್ತುಗುರಿಯಿಲ್ಲದೆ ಬಂದವರನ್ನೆಲ್ಲ ಇಂಥ ಒಂದು ಸಾಧನಕ್ಕೆ ಕಳಿಸಿಬಿಡು. ಇದು ಚಾಲೂ ಇದ್ದರೆ ಆರಿಸಿ. ಮೂರನೆಯದು ರಿಮೋಟ್ ಮ್ಯಾನೇಜ್‌ಮೆಂಟ್, ಎಂದರೆ ಹೊರಗಿನಿಂದ ರೂಟರಿನ ಒಳಪುಟ ತೆರೆಯುವ ಅವಕಾಶ, ಅದನ್ನೂ ಆರಿಸಿ.

ನಾಲ್ಕನೆಯದಾದ ಯುಪಿಎನ್‌ಪಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಇದು ಚಾಲೂ ಇದ್ದರೆ ಒಳಗಿನ ಯಾವುದೇ ಸಾಧನ ಪಾಸ್‌ವರ್ಡ್ ಕೇಳದೆಯೇ ರೂಟರಿಗೆ ಹೇಳಿ ತನಗೆ ಬೇಕಾದ ಪೋರ್ಟ್ ತೆರೆಸಿಕೊಳ್ಳಬಹುದು. ಆಟದ ಪೆಟ್ಟಿಗೆಗಳಿಗೂ ಕೆಲವು ಕರೆ ಆ್ಯಪ್‌ಗಳಿಗೂ ಇದು ಅನುಕೂಲ, ಅಗ್ಗದ ಕ್ಯಾಮೆರಾಗಳು ಯಾರನ್ನೂ ಕೇಳದೆ ತಮ್ಮನ್ನು ಬಯಲಿಗಿಡುವುದೂ ಇದರಿಂದಲೇ. ಯುಪಿಎನ್‌ಪಿ ಪುಟದಲ್ಲಿ ಈಗ ತೆರೆದಿರುವ ಪೋರ್ಟುಗಳ ಪಟ್ಟಿ ಕಾಣುತ್ತದೆ. ಮೊದಲು ಅದರ ಫೋಟೋ ತೆಗೆದು, ಬಳಿಕ ಯುಪಿಎನ್‌ಪಿ ಆರಿಸಿ, ರೂಟರನ್ನು ಒಮ್ಮೆ ಆರಿಸಿ ಹಾಕಿ, ಪರೀಕ್ಷೆಯನ್ನು ಮರಳಿ ಮಾಡಿ. ಆರಿಸಿ ಹಾಕದಿದ್ದರೆ ಹಳೆಯ ತೆರಪುಗಳು ಹಾಗೆಯೇ ಉಳಿದಿರುವುದುಂಟು. ಆಮೇಲೆ ಮಗ ಬಂದು ಆಟದಲ್ಲಿ ನ್ಯಾಟ್ ಸ್ಟ್ರಿಕ್ಟ್ ಎಂದು ಬರುತ್ತಿದೆ ಎಂದು ದೂರಿದರೆ, ಆ ಆಟದ ಪೆಟ್ಟಿಗೆಗೆ ಮಾತ್ರ ಬೇಕಾದ ಪೋರ್ಟನ್ನು ಕೈಯಾರೆ ತೆರೆದುಕೊಡಬಹುದು.

ಯುಪಿಎನ್‌ಪಿ ಸೇವೆ ಒಳಗಿನವರ ಮಾತಿಗಷ್ಟೇ ಕಿವಿಗೊಡಬೇಕು. ಹೊರಗಿನವರಿಗೂ ಉತ್ತರಿಸುವ ರೂಟರುಗಳಿವೆ. 2013ರ ಜನವರಿಯಲ್ಲಿ ರ‍್ಯಾಪಿಡ್7 ಸಂಸ್ಥೆ ಪ್ರಕಟಿಸಿದ ಅಧ್ಯಯನದಲ್ಲಿ 8 ಕೋಟಿಗೂ ಹೆಚ್ಚು ವಿಳಾಸಗಳು ಹೀಗೆ ಉತ್ತರಿಸಿದ್ದವು. ಶೀಲ್ಡ್ಸ್‌ಅಪ್‌ನಲ್ಲಿ ಇದಕ್ಕೆಂದೇ ಒಂದು ಪ್ರತ್ಯೇಕ ಗುಂಡಿ ಇದೆ. ಅದರಲ್ಲಿ ಉತ್ತರ ಬಂದಿತೆಂದು ತೋರಿಸಿದರೆ, ಮತ್ತು ಯುಪಿಎನ್‌ಪಿ ಆರಿಸಿದ ಮೇಲೆಯೂ ಹಾಗೆಯೇ ತೋರಿಸಿದರೆ, ರೂಟರಿನ ಒಳಗಿನ ಮೂಲ ತಂತ್ರಾಂಶವೇ (ಫರ್ಮ್‌ವೇರ್) ದೋಷಪೂರಿತ. ಹೊಸ ಫರ್ಮ್‌ವೇರ್ ಸಿಗದಿದ್ದರೆ ಆ ರೂಟರನ್ನು ಬದಲಿಸುವುದೊಂದೇ ಉಳಿದ ಮಾರ್ಗ.

ಲಕ್ಷಣ: ಎಲ್ಲ ಪರೀಕ್ಷೆಗಳೂ ಸರಿ ಬಂದಿವೆ, ಆದರೆ ಸಾಧನಕ್ಕೆ ಉದ್ದನೆಯ ಇನ್ನೊಂದು ವಿಳಾಸವಿದೆ

ವೈಫೈ ವಿವರದಲ್ಲಿ ಎರಡು ಚುಕ್ಕೆಗಳಿಂದ ಬೇರ್ಪಟ್ಟ ಅಂಕಿ-ಅಕ್ಷರಗಳ ಉದ್ದನೆಯ ಸಾಲು ಕಂಡರೆ ಅದು ಐಪಿವಿ6 ವಿಳಾಸ. ಎಫ್‌ಇ80 ಎಂದು ಶುರುವಾಗುವುದು ಆ ಕೋಣೆಯ ಮಟ್ಟಿಗೆ ಮಾತ್ರ, ಎಫ್‌ಡಿ ಎಂದು ಶುರುವಾಗುವುದು ಒಳಬಳಕೆಯದು. ಈ ಎರಡರ ಚಿಂತೆ ಬೇಡ. ಮೊದಲ ಅಂಕಿ 2 ಅಥವಾ 3 ಆಗಿದ್ದರೆ ಅದು ಜಗತ್ತಿನ ಯಾವ ಮೂಲೆಯಿಂದಲೂ ದಾರಿಯಿರುವ ವಿಳಾಸ. ನಮ್ಮಲ್ಲಿ ಹೆಚ್ಚಾಗಿ 24 ಎಂದು ಆರಂಭವಾಗುವವು ಸಿಗುತ್ತವೆ.

ಐಪಿವಿ6ನಲ್ಲಿ ಸಾಮಾನ್ಯವಾಗಿ ನ್ಯಾಟ್ ಇರುವುದಿಲ್ಲ. ಪ್ರತಿ ಫೋನಿಗೂ, ಪ್ರಿಂಟರಿಗೂ, ಟಿವಿಗೂ ಸ್ವಂತ ಸಾರ್ವಜನಿಕ ವಿಳಾಸ. ವಾಲೀಕಾರನ ನೆನಪಿನ ಕೆಲಸವನ್ನು ಇಲ್ಲಿ ರೂಟರಿನ ಫೈರ್‌ವಾಲ್ ಒಂದೇ ಮಾಡಬೇಕು. ಒಳಗಿನವರು ಶುರು ಮಾಡದ ಸಂಪರ್ಕವನ್ನು ಮೂಲಸ್ಥಿತಿಯಲ್ಲೇ ತಡೆಯುವಂಥ ಶಿಫಾರಸು 2011ರಲ್ಲಿಯೇ ಬಂದಿದೆ. ಒಳ್ಳೆಯ ರೂಟರುಗಳು ಅದನ್ನು ಪಾಲಿಸುತ್ತವೆ, ಕೆಲವು ಪಾಲಿಸುವುದಿಲ್ಲ, ಇನ್ನು ಕೆಲವದರಲ್ಲಿ ಐಪಿವಿ6 ಫೈರ್‌ವಾಲ್ ಎಂಬ ಗುಂಡಿ ಆರಿದ ಸ್ಥಿತಿಯಲ್ಲೇ ಬಂದಿರುತ್ತದೆ. ಸಿಜಿ ನ್ಯಾಟ್ ಇದೆ, ತನ್ನನ್ನು ಯಾರೂ ಮುಟ್ಟಲಾರರು ಎಂದು ನಂಬಿದವನ ಮನೆಯ ಪ್ರಿಂಟರ್ ಈ ದಾರಿಯಲ್ಲಿ ತೆರೆದುಕೊಂಡಿರುವುದು ಸಾಧ್ಯ. ಈ ಕೈಪಿಡಿಯಲ್ಲಿ ಒಂದೇ ಪರೀಕ್ಷೆ ಮಾಡಲು ಸಮಯವಿದೆ ಎಂದು ಯಾರಾದರೂ ಹೇಳಿದರೆ ನಾನು ಇದನ್ನೇ ಮಾಡಿಸುವೆ, ಏಕೆಂದರೆ ಉಳಿದವನ್ನು ಯಾರಾದರೂ ಒಬ್ಬರು ನೋಡಿರುತ್ತಾರೆ, ಇದನ್ನು ನೋಡಿದವರು ಕಡಿಮೆ.

ಪರೀಕ್ಷಿಸುವ ಕ್ರಮ ಹೀಗಿದೆ. ಒಳಪುಟ ಇರುವ ಸಾಧನವೊಂದನ್ನು, ಎಂದರೆ ವೈಫೈ ಪ್ರಿಂಟರ್ ಅಥವಾ ಡಿವಿಆರ್ ಆರಿಸಿಕೊಂಡು, ಅದರ ನೆಟ್‌ವರ್ಕ್ ವಿವರದಿಂದ 2 ಎಂದು ಶುರುವಾಗುವ ವಿಳಾಸವನ್ನು ನಕಲು ಮಾಡಿ ನಿಮಗೇ ಸಂದೇಶವಾಗಿ ಕಳಿಸಿಕೊಳ್ಳಿ. ಕೈಯಿಂದ ಬರೆಯಲು ಹೋದರೆ ಎಲ್ಲಾದರೂ ಒಂದಕ್ಷರ ತಪ್ಪುವುದು ಖಂಡಿತ. ಅದು ಮನೆಯ ವೈಫೈಯಲ್ಲಿ ಬ್ರೌಸರಿನಲ್ಲಿ ತೆರೆಯುತ್ತದೆ ಎಂದು ಮೊದಲು ನೋಡಿ. ಬ್ರೌಸರಿನಲ್ಲಿ ಐಪಿವಿ6 ವಿಳಾಸವನ್ನು ಚೌಕ ಆವರಣ ಚಿಹ್ನೆಗಳ [ ] ನಡುವೆ ಇಟ್ಟು ಒತ್ತಬೇಕು, ಇಲ್ಲದಿದ್ದರೆ ಅದು ಹುಡುಕಾಟಕ್ಕೆ ಹೋಗಿಬಿಡುತ್ತದೆ. ಆಮೇಲೆ ವೈಫೈ ಆರಿಸಿ, ಮೊಬೈಲ್ ಡೇಟಾದಲ್ಲೂ ಐಪಿವಿ6 ಇದೆ ಎಂಬುದನ್ನು "ನನ್ನ ಐಪಿ" ತಾಣದಲ್ಲಿ ಖಾತ್ರಿ ಮಾಡಿಕೊಂಡು, ಅದೇ ವಿಳಾಸವನ್ನು ಮತ್ತೆ ತೆರೆಯಿರಿ. ಒಳಗೆ ತೆರೆದು ಹೊರಗೆ ತೆರೆಯದಿದ್ದರೆ ಫೈರ್‌ವಾಲ್ ಕೆಲಸ ಮಾಡುತ್ತಿದೆ. ಎರಡೂ ಕಡೆ ತೆರೆದರೆ ದೋಷ ಖಚಿತ. ಒಳಗೂ ತೆರೆಯದಿದ್ದರೆ ಪರೀಕ್ಷೆಯೇ ನಡೆದಿಲ್ಲ, ಬೇರೆ ಸಾಧನ ತೆಗೆದುಕೊಳ್ಳಿ.

ಪಿಂಗ್‌ಗೆ (ಸಾಧನ ಇದೆಯೇ ಎಂದು ಕೇಳುವ ಪುಟ್ಟ ಸಂದೇಶಕ್ಕೆ) ಉತ್ತರ ಬಂತು ಎಂಬ ಒಂದೇ ಕಾರಣಕ್ಕೆ ಹೆದರಬೇಕಿಲ್ಲ. ಐಪಿವಿ6ನಲ್ಲಿ ಪಿಂಗ್ ವರ್ಗದ ಸಂದೇಶಗಳನ್ನು ಬಿಡುವುದು ಜಾಲದ ಆರೋಗ್ಯಕ್ಕೆ ಬೇಕಾದದ್ದೇ. ಪುಟ ಅಥವಾ ಸೇವೆ ತೆರೆಯುತ್ತದೆಯೇ ಎಂಬುದೇ ಪ್ರಶ್ನೆ.

ದೋಷ ಕಂಡರೆ ರೂಟರಿನ ಭದ್ರತೆಯ ಪುಟದಲ್ಲಿ ಐಪಿವಿ6 ಫೈರ್‌ವಾಲನ್ನು ಚಾಲೂ ಮಾಡಿ, ಮಟ್ಟ ಆರಿಸುವ ಅವಕಾಶವಿದ್ದರೆ ಮಧ್ಯಮಕ್ಕಿಂತ ಕೆಳಗಿಡಬೇಡಿ. ಆ ಸೌಲಭ್ಯವೇ ಇಲ್ಲದಿದ್ದರೆ ಹೊಸ ಫರ್ಮ್‌ವೇರ್ ಬರುವವರೆಗೆ ಐಪಿವಿ6 ಅನ್ನೇ ಆರಿಸಿಡಬಹುದು. ಇದು ಊರುಗೋಲು ಹಿಡಿದು ನಡೆದಂತೆ, ಆದರೂ ತೆರೆದ ಬಾಗಿಲಿಗಿಂತ ವಾಸಿ.

ಲಕ್ಷಣ: ಪ್ರಿಂಟರಿನಿಂದ ಯಾರದೋ ಹಾಳೆ ಬರುತ್ತದೆ, ಗಿರಾಕಿಗಳ ಫೋನಿನಲ್ಲಿ ನಮ್ಮ ಟಿವಿ ಕಾಣುತ್ತದೆ

ವಿಜಯಪುರದಲ್ಲಿ ಗೋಳಗುಮ್ಮಟ ನೋಡಲು ಬಂದವರು ಇಳಿದುಕೊಳ್ಳುವ ವಸತಿಗೃಹಗಳಲ್ಲಿ, ಊಟದ ಖಾನಾವಳಿಗಳಲ್ಲಿ ಇದು ಸಾಮಾನ್ಯ. ಇದು ಇಂಟರ್ನೆಟ್ಟಿಗೆ ತೆರೆದುಕೊಂಡ ದೋಷವಲ್ಲ. ಬಂದವರಿಗೂ ಕಚೇರಿಗೂ ಒಂದೇ ವೈಫೈ ಕೊಟ್ಟ ಪರಿಣಾಮ. ಅತಿಥಿ ವೈಫೈ ಬೇರೆ ಮಾಡಿ, ಅದರಲ್ಲಿ ಒಳಜಾಲದ ಪ್ರವೇಶ ತಡೆಯುವ ಆಯ್ಕೆಯನ್ನು ಚಾಲೂ ಮಾಡಿದರೆ ಮುಗಿಯಿತು.

ಲಕ್ಷಣ: ಬೇಡದ ಜಾಹೀರಾತು, ಅಡ್ಡದಾರಿ ಹಿಡಿಯುವ ತಾಣಗಳು, ಬದಲಾದ ಪಾಸ್‌ವರ್ಡ್

ಬ್ಯಾಂಕಿನ ತಾಣ ತೆರೆದರೆ ಬೇರೇನೋ ತೆರೆಯುವುದು, ಮನೆಯ ಎಲ್ಲ ಫೋನುಗಳಲ್ಲೂ ಒಂದೇ ಬಗೆಯ ಜಾಹೀರಾತು ಬರುವುದು, ರೂಟರಿನ ಒಳಪುಟ ಹಳೆಯ ಪಾಸ್‌ವರ್ಡನ್ನು ಒಪ್ಪದಿರುವುದು, ಇವು ಯಾರೋ ಈಗಾಗಲೇ ರೂಟರಿನೊಳಗೆ ಬಂದಿರಬಹುದು ಎನ್ನುವ ಲಕ್ಷಣಗಳು. ವ್ಯಾನ್ ಪುಟದಲ್ಲಿಯೂ, ಒಳಗಿನ ಸಾಧನಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿ ಪುಟದಲ್ಲಿಯೂ ಡಿಎನ್‌ಎಸ್ (ತಾಣದ ಹೆಸರಿಗೆ ಅದರ ಐಪಿ ವಿಳಾಸ ಹೇಳುವ ಸರ್ವರ್) ವಿಳಾಸಗಳನ್ನು ನೋಡಿ. ಅವು ನೆಟ್‌ನವರದ್ದಾಗಿರಬೇಕು, ರೂಟರಿನದೇ ಆಗಿರಬೇಕು, ಅಥವಾ ನೀವೇ ಹಾಕಿದ 8.8.8.8, 1.1.1.1ರಂಥವಾಗಿರಬೇಕು. ಗುರುತೇ ಇಲ್ಲದ ವಿಳಾಸವಿದ್ದರೆ ನೆಟ್‌ನವರಿಗೆ ಓದಿ ಹೇಳಿ ಕೇಳಿ.

ರಾತ್ರಿ ಯಾರೂ ಬಳಸದಿದ್ದರೂ ರೂಟರಿನ ದೀಪ ಮಿನುಗುತ್ತದೆ ಎಂಬುದು ಒಂದೇ ಸಾಕ್ಷಿಯಾಗಲಾರದು. ಫೋನುಗಳ ಅಪ್‌ಡೇಟು, ಕ್ಯಾಮೆರಾದ ಕ್ಲೌಡ್ ದಾಖಲೆ ಎಲ್ಲವೂ ಆಗಲೇ ನಡೆಯುತ್ತವೆ. ಎಲ್ಲ ತಾಣಗಳೂ "ನೀವು ಯಂತ್ರವಲ್ಲ ಎಂದು ತೋರಿಸಿ" ಎನ್ನುತ್ತಿದ್ದರೆ, ಸಿಜಿ ನ್ಯಾಟ್‌ನಲ್ಲಿ ನಿಮ್ಮ ಜೊತೆ ಅದೇ ವಿಳಾಸ ಹಂಚಿಕೊಂಡ ಇನ್ನಾರದೋ ತಪ್ಪಿನ ಫಲ ಅದು ಇರಬಹುದು.

ರೂಟರನ್ನು ಆರಿಸಿ ಹಾಕುವುದರಿಂದ ಉಪಯೋಗವಿದೆ, ಆದರೆ ಅರ್ಧ ಮಾತ್ರ. ಮಿರೈಯಂಥವು ನೆನಪಿನಲ್ಲಷ್ಟೇ ಇರುವುದರಿಂದ ಕರೆಂಟ್ ಹೋದರೆ ಅಳಿಯುತ್ತವೆ. ಪಾಸ್‌ವರ್ಡ್ ಹಳೆಯದೇ ಇದ್ದರೆ ಮತ್ತೆ ಬಂದು ಕೂರುತ್ತವೆ. 2018ರ ಮೇ ತಿಂಗಳಲ್ಲಿ ವಿಪಿಎನ್‌ಫಿಲ್ಟರ್ ಎಂಬ ದುಷ್ಟ ತಂತ್ರಾಂಶ ಕನಿಷ್ಠ 5 ಲಕ್ಷ ಸಾಧನಗಳಲ್ಲಿ ಪತ್ತೆಯಾದಾಗ ಅಮೆರಿಕದ ಎಫ್‌ಬಿಐ ರೂಟರುಗಳನ್ನು ಆರಿಸಿ ಹಾಕಲು ಜನರಿಗೆ ಸೂಚಿಸಿತು, ಆದರೆ ಅದರ ಮೊದಲ ಹಂತದ ಭಾಗ ಆರಿಸಿ ಹಾಕಿದರೂ ಅಳಿಯದಂಥದ್ದಾಗಿತ್ತು. ಇಂಥ ಸಂದರ್ಭದಲ್ಲಿ ಫರ್ಮ್‌ವೇರನ್ನು ತಯಾರಕರ ತಾಣದಿಂದಲೇ ಪಡೆದು ಹೊಸದಾಗಿ ಹಾಕಿ, ಒಳಪುಟದ ಪಾಸ್‌ವರ್ಡ್ ಬದಲಿಸಬೇಕು. ಫರ್ಮ್‌ವೇರ್ ಹಾಕುವಾಗ ನಡುವೆ ಕರೆಂಟ್ ಹೋದರೆ ರೂಟರ್ ಶಾಶ್ವತವಾಗಿ ಕೆಡಬಹುದು. ಇನ್ವರ್ಟರ್ ಇಲ್ಲದ ಮನೆಯಲ್ಲಿ ಲೋಡ್‌ಶೆಡ್ಡಿಂಗ್ ಸಮಯ ಬಿಟ್ಟು ಬೇರೆ ಹೊತ್ತಿನಲ್ಲಿ ಈ ಕೆಲಸಕ್ಕೆ ಕೂಡಿ.

ಯಾವಾಗ ಕೈ ಬಿಟ್ಟು ಬೇರೆಯವರನ್ನು ಕರೆಯಬೇಕು

ನೆಟ್‌ನವರು ಕೊಟ್ಟ ಪೆಟ್ಟಿಗೆಯ ಮುಖ್ಯ ಪಾಸ್‌ವರ್ಡ್ ಅವರ ಕೈಯಲ್ಲೇ ಇದ್ದು, ಫೈರ್‌ವಾಲ್ ಪುಟ ನಿಮಗೆ ತೆರೆಯದಿದ್ದರೆ, ಎಲ್ಲೋ ಸಿಕ್ಕ ಗುಪ್ತ ಪಾಸ್‌ವರ್ಡುಗಳನ್ನು ಪ್ರಯತ್ನಿಸಬೇಡಿ. ಯಾವ ಪೋರ್ಟ್ ಎಂದು ಸಂಖ್ಯೆ ಸಮೇತ ಬರೆದು ದೂರು ಕೊಟ್ಟು, ದೂರಿನ ಸಂಖ್ಯೆ ಪಡೆದುಕೊಳ್ಳಿ. "ನೆಟ್ ಸರಿ ಇಲ್ಲ" ಎಂದಷ್ಟೇ ಹೇಳಿದರೆ ವೇಗ ಪರೀಕ್ಷಿಸಿ ಹೊರಟುಹೋಗುತ್ತಾರೆ. ನೀವು ಅಳಿಸಿದ ಫಾರ್ವರ್ಡಿಂಗ್ ಸಾಲು, ಯುಪಿಎನ್‌ಪಿ ಆರಿಸಿದ್ದರೂ ಮತ್ತೆ ಮತ್ತೆ ಬರುತ್ತಿದ್ದರೆ, ಅಥವಾ ಬಳಕೆದಾರರ ಪಟ್ಟಿಯಲ್ಲಿ ನೀವು ಮಾಡದ ಹೆಸರು ಇದ್ದರೆ, ಬಲ್ಲವರಿಗೆ ತೋರಿಸಿ. ಕಂಪ್ಯೂಟರುಗಳಿಗೆ ಸೋಂಕು ತಗುಲಿದ ಶಂಕೆಯಿದ್ದರೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ನಡೆಸುವ ಸೈಬರ್ ಸ್ವಚ್ಛತಾ ಕೇಂದ್ರದಲ್ಲಿ ಉಚಿತ ಸಾಧನಗಳು ಸಿಗುತ್ತವೆ.

ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಕ್ಯಾಮೆರಾದ ದೃಶ್ಯಗಳು ಹೊರಬಿದ್ದಿದ್ದರೆ, ಬೆದರಿಕೆ ಬಂದಿದ್ದರೆ ರಾಷ್ಟ್ರೀಯ ಸೈಬರ್ ಅಪರಾಧ ದೂರು ಪೋರ್ಟಲ್‌ನಲ್ಲಿಯೋ, ಜಿಲ್ಲೆಯ ಸೈಬರ್ ಅಪರಾಧ (ಸಿಇಎನ್) ಪೊಲೀಸ್ ಠಾಣೆಯಲ್ಲಿಯೋ ದೂರು ಕೊಡಬೇಕು. ಹಾಗೆ ಹೋಗುವುದಿದ್ದಲ್ಲಿ ರೂಟರನ್ನಾಗಲೀ ಡಿವಿಆರನ್ನಾಗಲೀ ರೀಸೆಟ್ ಮಾಡಬೇಡಿ. ಯಾವ ವಿಳಾಸದಿಂದ ಎಷ್ಟು ಹೊತ್ತಿಗೆ ಲಾಗಿನ್ ಆಯಿತು ಎಂಬ ದಾಖಲೆ ಅದರಲ್ಲಿಯೇ ಇರುತ್ತದೆ. ನೆಟ್ ತಂತಿ ಬಿಚ್ಚಿ, ಡಿವಿಆರ್‌ನ ಲಾಗ್ ಪುಟದ ಫೋಟೋಗಳನ್ನು ಗಡಿಯಾರದ ಸಮಯ ಕಾಣುವಂತೆ ತೆಗೆದು, ಪೆಟ್ಟಿಗೆಯನ್ನು ಹಾಗೆಯೇ ಇಟ್ಟುಕೊಳ್ಳಿ. ಇಳಕಲ್ಲಿನ ಡಿವಿಆರ್‌ನ ಗಡಿಯಾರ ನಾಲ್ಕು ತಾಸು ಹಿಂದಿತ್ತು. ರಾತ್ರಿ ಹನ್ನೊಂದರ ಲಾಗಿನ್ ಅದರಲ್ಲಿ ಸಂಜೆ ಏಳು ಎಂದು ಬರೆದಿತ್ತು, ಆ ವ್ಯತ್ಯಾಸವನ್ನು ಫೋಟೋದ ಜೊತೆ ಒಂದು ಹಾಳೆಯಲ್ಲಿ ಬರೆದು ಕೊಟ್ಟೆವು.